ದೊಡ್ಡಪ್ಪನ ಟವೆಲೂ ಸರ್ಕಾರದ ಬಾವಿಯೂ

ಸರ್ಕಾರದ ಹಣವನ್ನು ನಮ್ಮ ದೊಡ್ಡಪ್ಪನಷ್ಟು ಅನುಭವಿಸಿದವರು ಶಿಕಾರಿಪುರ ತಾಲೂಕಿನಲ್ಲೇ ಇನ್ನೊಬ್ಬರಿಲ್ಲ! ಅದನ್ನು ಅವರು ಕುಡಿದಿದ್ದಾರೆ, ಅದರ ಮೇಲೆ ಮಲಗಿದ್ದಾರೆ, ಅದರಲ್ಲಿ ಮಿಂದಿದ್ದಾರೆ. ಒಂದು ಸಲ ಊರಿಗೆ ಊರೇ ನೆರೆದಿರುವಾಗ ಅದರ ಮೇಲೆ ಕುಕ್ಕರಗಾಲಿನಲ್ಲಿ ಕೂತದ್ದೂ ಉಂಟು. ಇಷ್ಟಾದರೂ ಅವರ ಮೇಲೆ ಒಂದೇ ಒಂದು ಕೇಸು ಆಗಲಿಲ್ಲ. ಆಗುವುದಾದರೂ ಹೇಗೆ? ಸರ್ಕಾರವೇ ಸಂಬಳ ಕೊಟ್ಟು ಅವರನ್ನು ಆ ಕೆಲಸಕ್ಕೆ ಇಟ್ಟುಕೊಂಡಿತ್ತು!

ಗಾಬರಿಯಾಗಬೇಡಿ, ಬಿಡಿಸಿ ಹೇಳುತ್ತೇನೆ. ಐವತ್ತರ ದಶಕ ಮುಗಿಯುತ್ತ ಬಂದ ಕಾಲ. ನಮ್ಮೂರಿಗೆ ಬ್ಲಾಕ್ ಆಫೀಸು ಹೊಸದಾಗಿ ಬಂದಿತ್ತು. ಅದರ ಬೆನ್ನಿಗೇ ಬಾವಿ ಬಂತು, ರಸ್ತೆ ಬಂತು, ಹೊಗೆಯಿಲ್ಲದ ಒಲೆ ಬಂತು, ಕಕ್ಕಸು ಬಂತು. ಕೆಲವು ಊರಿಗೆ ಬಂದವು, ಕೆಲವು ಕಾಗದಕ್ಕೆ ಮಾತ್ರ ಬಂದವು. ಯಾವುದು ಎಲ್ಲಿಗೆ ಬಂತು ಎಂದು ಹೋಗಿ ನೋಡಿ, ಕಡತದಲ್ಲಿ ಷರಾ ಬರೆಯುವುದು ದೊಡ್ಡಪ್ಪನ ಕೆಲಸ. ಹಣ ಮುಂದೆ ಮುಂದೆ ಹೋಗುತ್ತಿತ್ತು, ದೊಡ್ಡಪ್ಪ ಅದರ ಹಿಂದೆ ಸೈಕಲ್ ತುಳಿದುಕೊಂಡು ಹೋಗುತ್ತಿದ್ದರು.

ಆ ಕೆಲಸ ಮಾಡುವವರು ಬೇರೆಯವರೂ ಇದ್ದರು. ಅವರು ಚಾವಡಿಯಲ್ಲಿ ಕೂತು ಎಳನೀರು ಕುಡಿಯುತ್ತ, "ಅಗೋ ಸ್ವಾಮಿ, ಆ ಹುಣಸೆಮರದ ಆಚೆ ಐತ್ರಿ ಬಾವಿ" ಎಂದರೆ ಹುಣಸೆಮರವನ್ನು ನೋಡಿ ಬಾವಿಗೆ ಸಹಿ ಹಾಕುತ್ತಿದ್ದರು. ದೊಡ್ಡಪ್ಪನದು ಬೇರೆಯೇ ಶಾಸ್ತ್ರ. "ಕಣ್ಣಿಗೆ ದೂರದಿಂದ ತೋರಿಸಿ ಮೋಸ ಮಾಡಬಹುದು ಕಣೇ, ಬೆನ್ನಿಗೆ ಮಾಡಕ್ಕಾಗಲ್ಲ" ಎಂದು ನನಗೆ ಹೇಳುತ್ತಿದ್ದರು. ಸರ್ಕಾರ ಏನು ಕಟ್ಟಿಸಿದೆಯೋ ಅದನ್ನು ಖುದ್ದಾಗಿ ಬಳಸದೆ ಅವರು ಸಹಿ ಹಾಕುತ್ತಿರಲಿಲ್ಲ. ಅದಕ್ಕಾಗಿಯೇ ಒಂದು ಖಾಕಿ ಚೀಲ. ಅದರಲ್ಲಿ ಒಂದು ಟವೆಲು, ಸೋಪಿನ ತುಂಡು, ಹಿತ್ತಾಳೆ ಚೊಂಬು, ಒಂದು ಸುತ್ತು ಹಗ್ಗ, ಕಾಫಿಪುಡಿಯ ಪೊಟ್ಟಣ, ಒಂದು ಪುಟ್ಟ ದಿಂಬು. ನೋಡಿದವರು ತೀರ್ಥಯಾತ್ರೆಗೆ ಹೊರಟಿದ್ದಾರೆ ಎಂದುಕೊಳ್ಳಬೇಕು!

ಆ ದಿಂಬು ಯಾಕೆ ಎನ್ನುತ್ತೀರಾ? ಒಂದೂರಲ್ಲಿ ಭಜನೆಮನೆಗೆ ಹೊಸ ಹೆಂಚು ಹೊದಿಸಿದ್ದೇವೆ ಎಂದು ಲೆಕ್ಕ ತೋರಿಸಿದ್ದರು. ದೊಡ್ಡಪ್ಪ ಮಳೆಗಾಲದವರೆಗೂ ಕಾದು, ಒಂದು ಮಧ್ಯಾಹ್ನ ಹೋಗಿ, ಅದರಲ್ಲಿ ದಿಂಬು ಹಾಕಿ ಅಡ್ಡಾದರು. ಅವರು ಬರೆದ ಷರಾ ಇಷ್ಟೇ: "ಮಲಗಿದೆ. ಮಳೆ ಬಂತು. ಎದ್ದೆ."

ಆಫೀಸಿನ ದೊಡ್ಡ ಸಾಹೇಬರು ವಯಸ್ಸಿನಲ್ಲಿ ಚಿಕ್ಕವರು, ಶಿಸ್ತಿನಲ್ಲಿ ಹಿರಿಯರು. ಅವರ ಜೇಬಿನಲ್ಲಿ ಸದಾ ಎರಡು ಪೆನ್ನು: ಸಹಿಗೆ ನೀಲಿ, ದೊಡ್ಡಪ್ಪನಿಗೆ ಕೆಂಪು.

"ಏನ್ರೀ ಇದು? ಷರಾ ಕೇಳಿದ್ರೆ ನಿಮ್ಮ ದಿನಚರಿ ಬರೀತೀರಲ್ರೀ!"

"ನಡೆದದ್ದು ಅದೇ ಸಾರ್."

"ಹೆಂಚು ಸೋರುತ್ತೆ ಅಂತ ಬರೀರಿ. ನೀವು ಮಲಗಿದ್ದು, ಎದ್ದದ್ದು ಸರ್ಕಾರಕ್ಕೆ ಯಾಕ್ರೀ ಬೇಕು?" ಎಂದು ಸಾಹೇಬರು ಕೆಂಪು ಶಾಯಿಯಲ್ಲಿ ಗೀಟು ಎಳೆದು, ಪಕ್ಕದಲ್ಲಿ "ಅಪ್ರಸ್ತುತ" ಎಂದು ಬರೆಯುತ್ತಿದ್ದರು. ದೊಡ್ಡಪ್ಪನ ಕಡತಗಳು ಪ್ರತಿಸಲವೂ ಕುಂಕುಮ ಇಟ್ಟುಕೊಂಡೇ ಮರಳುತ್ತಿದ್ದವು.

ಹೊಗೆಯಿಲ್ಲದ ಒಲೆಯ ಕಥೆ ಕೇಳಿ. ಒಂದು ಹಳ್ಳಿಯಲ್ಲಿ ಅಂಥ ಒಲೆಗಳನ್ನು ಮನೆಮನೆಗೂ ಹಾಕಿಸಿದ್ದರು. ದೊಡ್ಡಪ್ಪ ಮೊದಲನೆಯ ಮನೆಗೆ ಹೋಗಿ ಕಾಫಿಪುಡಿಯ ಪೊಟ್ಟಣ ಮುಂದಿಟ್ಟು, "ತಂಗೀ, ಸರ್ಕಾರದ ಒಲೆ ಮೇಲೆ ಒಂದು ಲೋಟ ಕಾಫಿ ಕಾಸವ್ವ" ಎಂದರು. ಆ ಹೆಂಗಸು ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ನಿಂತುಬಿಟ್ಟಳು.

"ಇನ್ನೊಂದು ವಾರ ಬಿಟ್ಟು ಬರ್ರಿ ಸ್ವಾಮಿ."

"ಯಾಕವ್ವ?"

"ಅದರಾಗೆ ಕೋಳಿ ಕಾವಿಗೆ ಕುಂತೈತ್ರಿ. ಹನ್ನೆರಡು ಮೊಟ್ಟೆ!"

ಷರಾ: "ಒಲೆ ಇದೆ. ಹೊಗೆ ಇಲ್ಲ. ಬೆಂಕಿಯೂ ಇಲ್ಲ. ಕೋಳಿ ಇದೆ." ಒಂದು ವಾರ ಬಿಟ್ಟು ಅವರು ನಿಜವಾಗಿಯೂ ಮತ್ತೆ ಹೋದರು! ಹನ್ನೊಂದು ಮರಿ ಎಣಿಸಿಕೊಂಡು, ಒಲೆ ಹಚ್ಚಿಸಿ, ಕಾಫಿ ಕುಡಿದೇ ಬಂದರು.

ಇನ್ನು ಆ ಕಕ್ಕಸಿನ ಪ್ರಸಂಗ. ಹೆಂಗಸಾದ ನಾನು ಇದನ್ನು ಬರೆಯಬಹುದೋ ಬಾರದೋ! ದೊಡ್ಡಪ್ಪ ನಮಗೆ ಊಟದ ಹೊತ್ತಿನಲ್ಲೇ ಹೇಳಿದ್ದರು, ಆದ್ದರಿಂದ ದೋಷವೇನಿದ್ದರೂ ಅವರದು. ಒಂದೂರಿನ ಚಾವಡಿಯ ಹಿಂದೆ ಸರ್ಕಾರದ ಕಕ್ಕಸು ಕಟ್ಟಿದ್ದರು. ಊರವರು ಅದನ್ನು ಸುಣ್ಣ ಬಳಿದು, ರಂಗೋಲಿ ಹಾಕಿ, ಒಳಗೆ ಬೀಜದ ಶೇಂಗಾ ಚೀಲ ಇಟ್ಟುಕೊಂಡಿದ್ದರು. ದೊಡ್ಡಪ್ಪ ಚೊಂಬು ಹಿಡಿದು ಹೊರಟಾಗ ಪಟೇಲರು ಕೈಮುಗಿದರು: "ಬ್ಯಾಡ್ರೀ ಸ್ವಾಮಿ, ಎಷ್ಟು ಚಂದ ಇಟ್ಕೊಂಡೀವಿ, ಮೈಲಿಗೆ ಮಾಡಬ್ಯಾಡ್ರಿ!" ದೊಡ್ಡಪ್ಪ ಕೇಳುತ್ತಾರೆಯೇ? ಚೀಲ ಹೊರಗೆ ಬಂದವು, ದೊಡ್ಡಪ್ಪ ಒಳಗೆ ಹೋದರು. ಸರ್ಕಾರ ಕಟ್ಟಿಸಿದ ಕಕ್ಕಸು ಹೇಗೆ ನಡೆಯುತ್ತದೆ ಎಂದು ನೋಡಲು ಊರೇ ನೆರೆಯಿತು. ಷರಾ: "ಬಾಗಿಲಿಗೆ ಹಣ ಖರ್ಚಾಗಿದೆ. ಬಾಗಿಲು ಇಲ್ಲ. ಉಪಯೋಗಿಸಿದೆ. ಗ್ರಾಮಸ್ಥರು ಸಹಕರಿಸಿ ಬೆನ್ನು ತಿರುಗಿಸಿ ನಿಂತರು."

ಅವತ್ತು ಸಾಹೇಬರ ಕೆಂಪು ಶಾಯಿಯೇ ಮುಗಿದುಹೋಯಿತಂತೆ.

ಅಂಜನಾಪುರದ ಕಡೆ ಒಂದು ಜಲ್ಲಿ ರಸ್ತೆ ಆಗಿತ್ತು. ದೊಡ್ಡಪ್ಪ ಬಾಯಿ ಕಟ್ಟಿದ ಒಂದು ಕುಡಿಕೆ ಗಟ್ಟಿಮೊಸರನ್ನು ಸೈಕಲ್ಲಿನ ಹಿಂದೆ ಬಿಗಿದುಕೊಂಡು ಆ ತುದಿಯಿಂದ ಈ ತುದಿಗೆ ತುಳಿದರು. ಷರಾ: "ಹೊರಟಾಗ ಮೊಸರು. ತಲುಪಿದಾಗ ಬೆಣ್ಣೆ." ಆ ಬೆಣ್ಣೆಯನ್ನು ಮನೆಗೆ ತಂದರೋ ಎಂದರೆ ಅದೂ ಇಲ್ಲ, ರಸ್ತೆ ಮಾಡಿಸಿದ ಕಂಟ್ರಾಕ್ಟರನ ಕೈಗೇ ಕೊಟ್ಟು ಬಂದರು! ನಮ್ಮೂರಿನ ಸೈಕಲ್ ರಿಪೇರಿಯವರು ಅಂದು ಚಕ್ರದ ಕಡ್ಡಿ ಬಿಗಿಯುತ್ತ, "ಸ್ವಾಮೀ, ರಸ್ತಾ ಹೆಂಗೈತೆ ಅಂತ ತಿಳ್ಕೊಳಾಕೆ ಆ ಕಾಗದ ಎಲ್ಲ ಯಾಕ್ರೀ? ನನ್ನ ಅಂಗಡಿಗೆ ಬಂದು ಕೇಳಿ. ಯಾವ ರಸ್ತಾದಾಗೆ ಎಷ್ಟು ದುಡ್ಡು ತಿಂದಾರೆ ಅಂತ ಟ್ಯೂಬ್ ನೋಡಿ ಹೇಳ್ತೀನಿ" ಎಂದಿದ್ದರು. ಅದನ್ನೂ ದೊಡ್ಡಪ್ಪ ಷರಾದಲ್ಲಿ ಬರೆದರು. ಅದಕ್ಕೂ ಗೀಟು ಬಿತ್ತು.

ಹೀಗೆ ಲೋಕವನ್ನೆಲ್ಲ ಅಳೆದು ನೋಡುವ ಮನುಷ್ಯನಿಗೆ ಒಬ್ಬಳೇ ಮಗಳು, ನನ್ನ ಅಕ್ಕ. ಅವಳಿಗೆ ಸೊರಬದ ಕಡೆಯಿಂದ ಸಂಬಂಧ ಬಂತು. ಹುಡುಗ ಆನವಟ್ಟಿಯಲ್ಲಿ ಮೇಷ್ಟ್ರು. ಹೆಣ್ಣು ನೋಡಲು ಬಂದವನು ಉಪ್ಪಿಟ್ಟಿಗೆ ಉಪ್ಪು ಕಡಿಮೆ ಎಂದು ಹೇಳಲಾರದೆ ಉಪ್ಪಿನಕಾಯಿ ಮೂರು ಸಲ ಕೇಳಿ ಹಾಕಿಸಿಕೊಂಡ. ಆ ಮರ್ಯಾದೆಗೇ ಅಕ್ಕ ಸೋತಳು. ಆಮೇಲೆ ಒಂದು ತಿಂಗಳು ಅವಳು ಏನು ಮಾಡಿದರೂ ಉಪ್ಪು ಜಾಸ್ತಿ!

ಹುಡುಗನ ಅಪ್ಪ ಕಂಟ್ರಾಕ್ಟರು. ದೊಡ್ಡ ಮೀಸೆ, ದೊಡ್ಡ ನಗು, ಕೈಯೂ ದೊಡ್ಡದೇ. ಮಾತುಕತೆಯ ದಿನ ಜಮಖಾನದ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತ, "ನಂದೇನಿದ್ರೂ ಜನಸೇವೆ ಮಾರಾಯ್ರೇ. ನಮ್ಮೂರ ಪಕ್ಕ ಕುರಿ ಕಾಯೋರ ಹಟ್ಟಿ ಅದೆ, ಅಲ್ಲಿ ಕುಡಿಯೋಕೆ ನೀರಿರಲಿಲ್ಲ. ನಿಂತು ಬಾವಿ ತೋಡಿಸಿದೆ ನೋಡಿ!" ಎಂದರು.

ಒಳಗಿನಿಂದ ನಮ್ಮಜ್ಜಿ, ಅಂದರೆ ದೊಡ್ಡಪ್ಪನ ತಾಯಿ, ಹೊರಗೇ ಬಂದುಬಿಟ್ಟರು. "ಬಾವಿ ತೋಡಿಸಿದ ಕೈ! ಇದಕ್ಕಿಂತ ಪುಣ್ಯ ಇನ್ನೇನೈತಿ? ಹಂಗಾರೆ ಮದುವಿ ಗಂಗಿ ಅದೇ ಬಾವೀದು ತರಬೇಕು. ಇದು ನನ್ನ ಮಾತು."

ನಮ್ಮಲ್ಲಿ ಮದುವೆ ಗಂಡಿನ ಮನೆಯ ಮುಂದೆ. ಧಾರೆಗೆ ಮುಂಚೆ ಮುತ್ತೈದೆಯರು ವಾಲಗದ ಜೊತೆ ಬಾವಿಗೆ ಹೋಗಿ, ಗಂಗೆಯ ಪೂಜೆ ಮಾಡಿ, ಹೊಸ ಕೊಡಗಳಲ್ಲಿ ನೀರು ತರಬೇಕು. ಆ ನೀರಿನಲ್ಲೇ ಧಾರೆ. ಬೀಗರು ಅಜ್ಜಿಯ ಮಾತಿಗೆ, "ಅದಕ್ಕೇನಂತೆ, ಅದಕ್ಕೇನಂತೆ" ಎಂದು ಎರಡು ಸಲ ಹೇಳಿದರು. ಎರಡನೆಯ ಸಲದ ದನಿ ಸ್ವಲ್ಪ ಸಣ್ಣದಾಗಿತ್ತು ಎಂದು ಈಗ ನೆನಪಾಗುತ್ತದೆ. ಅಂದು ಯಾರಿಗೂ ಹೊಳೆಯಲಿಲ್ಲ.

ಅದೇ ಹೊತ್ತಿಗೆ, ಒಂದು ತಾಲೂಕಿನವರು ಇನ್ನೊಂದು ತಾಲೂಕಿನ ಕೆಲಸ ನೋಡಬೇಕೆಂದು ಮೇಲಿನಿಂದ ಹುಕುಂ ಬಂತು. ದೊಡ್ಡಪ್ಪನ ಪಾಲಿಗೆ ಕುಪ್ಪಗಡ್ಡೆ ಕಡೆಯ ಹಳ್ಳಿಗಳು. ಪಟ್ಟಿಯಲ್ಲಿ ಒಂದು ಹಟ್ಟಿ, ಅಲ್ಲೊಂದು ಬಾವಿ. ಹಟ್ಟಿಯ ಹೆಸರಿತ್ತು, ಕಂಟ್ರಾಕ್ಟರನ ಹೆಸರಿರಲಿಲ್ಲ. ಹೊಸ ಬಾವಿ, ಹೊಸ ನೀರು! ದೊಡ್ಡಪ್ಪ ಸಂಭ್ರಮದಿಂದ ಬೆಳಿಗ್ಗೆಯೇ ತಲೆಗೂ ಮೈಗೂ ಹರಳೆಣ್ಣೆ ಹಚ್ಚಿಕೊಂಡು ಹೊರಟರು. ದೊಡ್ಡಮ್ಮ, "ರೀ, ಎಣ್ಣೆ ಅಲ್ಲೇ ಹೋಗಿ ಹಚ್ಚಿಕೊಂಡರಾಗದಾ?" ಎಂದರೆ, "ನೆನೀಬೇಕು ಕಣೇ, ನೆನೀಬೇಕು" ಎಂದರು. ಬಸ್ಸಿನ ಮೇಲೆ ಸೈಕಲ್ ಹಾಕಿಸಿ ಆನವಟ್ಟಿವರೆಗೆ ಹೋಗಿ, ಅಲ್ಲಿಂದ ತುಳಿದರು. ಬಸ್ಸಿನಲ್ಲಿ ಅವರ ಪಕ್ಕ ಯಾರೂ ಕೂರಲಿಲ್ಲ!

ಮುಂದಿನದನ್ನು ಆಮೇಲೊಮ್ಮೆ ನನಗೆ ಹೇಳಿದ್ದು ಆ ಹಟ್ಟಿಯ ಒಬ್ಬ ಮುದುಕಿ. ದೊಡ್ಡಪ್ಪ ಎಣ್ಣೆ ಸುರಿಸುತ್ತ, ಹೆಗಲಿಗೆ ಟವೆಲು ಹಾಕಿಕೊಂಡು ಬಂದು, "ಬಾವಿ ಎಲ್ಲವ್ವ?" ಎಂದರಂತೆ.

"ಯಾವ ಬಾವಿರೀ?"

"ಸರ್ಕಾರದ್ದು. ನಲವತ್ತಡಿ ಬಾವಿ, ಕಲ್ಲು ಕಟ್ಟಡ. ಇಲ್ಲೇ ಐತಿ ಅಂತ ಕಾಗದದಾಗೆ ಬರದಾರೆ."

"ಹಂಗಾರೆ ನಿಮ್ಮ ಕಾಗದದಾಗೇ ಇಳಿದು ಮಿಂದು ಬರ್ರಿ!" ಎಂದಳಂತೆ ಮುದುಕಿ. ಹಟ್ಟಿಯ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರಂತೆ. ಆಮೇಲೆ ಮುದುಕಿಗೇ ಅಯ್ಯೋ ಅನಿಸಿತು. "ಬಾವಿ ಬರಲಿಲ್ರೀ ಸ್ವಾಮಿ, ಬಾವಿ ಕಲ್ಲು ಮಾತ್ರ ಬಂತು. ಕಲ್ಲು ಭಾಳ ಚೊಲೋ ಐತ್ರಿ, ಕೆರಿ ದಂಡಿಗೆ ಹೊತ್ಕೊಂಡು ಹೋಗಿ ಬಟ್ಟಿ ಒಗಿಯಾಕೆ ಹಾಕೀವಿ."

ಕೆರೆ ಒಂದು ಮೈಲಿ. ನೀರು ಹೊರುವ ಹೆಂಗಸರ ಜೊತೆ ದೊಡ್ಡಪ್ಪನೂ ಅಷ್ಟು ದೂರ ನಡೆದರು. ಖಾಲಿ ಕೊಡ ಒಂದನ್ನು ತಾವೇ ಹಿಡಿದರು, ಬಳಸಿ ನೋಡುವ ಅಭ್ಯಾಸ ನೋಡಿ! ಕೆರೆಯ ದಂಡೆಯಲ್ಲಿ ಆ ಕಲ್ಲಿತ್ತು. ಅದರ ಮೇಲೆ ಸೋಪಿನ ನೊರೆ. ನೊರೆ ಒರೆಸಿದರೆ ಅಕ್ಷರ: ಸಾರ್ವಜನಿಕ ಕುಡಿಯುವ ನೀರಿನ ಬಾವಿ. ಕೆಳಗೆ ಅದನ್ನು ತೋಡಿಸಿದವರ ಹೆಸರು. ಅದು ಅಕ್ಕನ ಮಾವನಾಗುವವರ ಹೆಸರು.

ದೊಡ್ಡಪ್ಪ ಕೆರೆಯಲ್ಲೂ ಮೀಯಲಿಲ್ಲ. ಅಷ್ಟು ದೂರವೂ ಎಣ್ಣೆಯಲ್ಲೇ ಮರಳಿದರು. ಮನೆಗೆ ಬಂದಾಗ ದಾರಿಯ ಕೆಂಪು ಧೂಳೆಲ್ಲ ಮೈಗೆ ಮೆತ್ತಿ, ಈಗತಾನೆ ಗೂಡಿನಿಂದ ತೆಗೆದ ಹೆಂಚಿನ ಹಾಗೆ ಕಾಣುತ್ತಿದ್ದರು. ನಾವು ನಗಲು ಬಾಯಿ ತೆರೆದವರು ಅವರ ಮುಖ ನೋಡಿ ಮುಚ್ಚಿದೆವು. ಚೀಲದಿಂದ ಟವೆಲು ತೆಗೆದು ತಂತಿಯ ಮೇಲೆ ಹಾಕಿದರು. ಅದು ಒಣಗಿಯೇ ಇತ್ತು.

ಊಟ ಮಾಡಲಿಲ್ಲ. ಷರಾ ಬರೆದಿದ್ದರು, ಆಫೀಸಿಗೆ ಕೊಟ್ಟಿರಲಿಲ್ಲ. ಕೊಟ್ಟರೆ ಮಗಳ ಮದುವೆ ಮುರಿಯುತ್ತದೆ, ಕೊಡದಿದ್ದರೆ ಆ ಹಟ್ಟಿಗೆ ಬಾವಿಯಿಲ್ಲ. ಮಗಳ ಮುಖವನ್ನೂ ಹಟ್ಟಿಯವರ ಮುಖವನ್ನೂ ಕಂಡಿದ್ದ ಮನುಷ್ಯ ಎಲೆಯ ಮುಂದೆ ಕೂತು ಅನ್ನ ಕಲಸಿದ್ದೇ ಕಲಸಿದ್ದು. ದೊಡ್ಡಮ್ಮ ಮೆಲ್ಲಗೆ, "ರೀ, ಇನ್ನೆರಡು ತಿಂಗಳು ತಡೆದು, ಮದುವೆ ಮುಗಿದ ಮೇಲೆ ಕೊಡಬಾರದಾ?" ಎಂದರು.

ಮೂಲೆಯಲ್ಲಿ ಅಕ್ಕಿ ಆರಿಸುತ್ತಿದ್ದ ಅಕ್ಕ ತಲೆ ಎತ್ತಲಿಲ್ಲ. "ಅಪ್ಪಾ, ಕೊಟ್ಟು ಬಾ. ಹೊಸಲಿನ ಮೇಲೆ ಅಕ್ಕಿ ಸೇರು ಒದ್ದು ನಾನು ಆ ಮನೆ ಒಳಗೆ ಹೋಗಬೇಕು. ಆ ಹಟ್ಟಿಯವರ ಕೊಡ ಒದ್ದು ಹೋಗೋಕೆ ನನಗಾಗಲ್ಲ" ಎಂದಳು. ಅಷ್ಟು ಹೇಳಿ ಮತ್ತೆ ಅಕ್ಕಿ ಆರಿಸಿದಳು. ಮಾರನೆಯ ದಿನ ಆ ಅನ್ನದಲ್ಲಿ ಸಿಕ್ಕಷ್ಟು ಕಲ್ಲು ಇನ್ನೆಂದೂ ಸಿಗಲಿಲ್ಲ. ಪಾಪ, ಅವಳಿಗೆ ಕಣ್ಣೇ ಕಾಣುತ್ತಿರಲಿಲ್ಲ.

ದೊಡ್ಡಪ್ಪ ಕಡತ ಕೊಟ್ಟರು. "ಎಣ್ಣೆ ಹಚ್ಚಿಕೊಂಡು ಹೋದೆ. ಎಣ್ಣೆಯಲ್ಲೇ ವಾಪಸು ಬಂದೆ. ಬಾವಿ ಇಲ್ಲ."

"ಸಾರ್, ಇವರು ನನಗೆ ಬೀಗರಾಗೋರು. ಬೇರೆ ಯಾರನ್ನಾದರೂ ಕಳಿಸಿ ಇನ್ನೊಂದು ಸಲ ನೋಡಿಸಿ" ಎಂದೂ ಹೇಳಿದರು.

ಸಾಹೇಬರು ಅವರನ್ನೇ ನೋಡಿದರು. "ಇಲ್ಲದ ಬಾವಿನ ಇನ್ನೊಬ್ಬರು ಹೋಗಿ ಏನ್ರೀ ನೋಡೋದು?" ಎಂದು, ಎಣ್ಣೆಯ ಎರಡು ವಾಕ್ಯಕ್ಕೆ ಕೆಂಪು ಗೀಟು ಎಳೆದು, ಮೂರನೆಯದನ್ನು ಉಳಿಸಿದರು. ಬಾವಿ ತೋಡಿಸಬೇಕು, ಇಲ್ಲವೇ ಹಣ ಕಟ್ಟಿ ಕೋರ್ಟಿಗೆ ಬರಬೇಕು ಎಂದು ಬೀಗರಿಗೆ ನೋಟೀಸು ಹೋಯಿತು.

ನೋಟೀಸಿನ ಹಿಂದೆಯೇ ಬೀಗರು ಬಂದರು. ಮೀಸೆ ಇತ್ತು, ನಗು ಇರಲಿಲ್ಲ.

"ಏನು ಬೀಗರೇ, ಮನೆಯವರ ಮೇಲೇ ಬರೀತೀರಾ? ಒಂದು ಸಾಲು ತಿದ್ದಿ, ಸಾಕು."

"ಈಗಲೇ ತಿದ್ತೀನಿ. ನಡೀರಿ, ನನಗೆ ಆ ಬಾವಿಯಾಗೆ ಒಂದು ಸ್ನಾನ ಮಾಡಿಸಿ" ಎಂದು ದೊಡ್ಡಪ್ಪ ಟವೆಲು ತೆಗೆದುಕೊಂಡು ಎದ್ದೇ ನಿಂತರು.

"ನೋಟೀಸಿಗೆಲ್ಲ ಹೆದರೋ ಪೈಕಿ ನಾನಲ್ಲ. ಅಂಥವು ನನ್ನ ಪೆಟ್ಟಿಗೆ ತುಂಬ ಅವೆ. ಹೀಗಾದ್ರೆ ಸಂಬಂಧ ಮುರಿದುಹೋಗ್ತದೆ, ನೋಡಿಕೊಳ್ಳಿ!"

ಬಾಗಿಲ ಹಿಂದೆ ಅಕ್ಕ ನನ್ನ ಕೈ ಹಿಡಿದುಕೊಂಡಳು. ಬಳೆ ಒಡೆಯುವಷ್ಟು ಬಿಗಿಯಾಗಿ.

ಆಗ ಕಾಫಿ ಹಿಡಿದು ಬಂದವರು ಅಜ್ಜಿ. "ಮುರಿಯೋದ್ಯಾಕ್ರೀ ಬೀಗರೇ? ಮುಹೂರ್ತ ಇಟ್ಟಾಗೈತಿ. ಗಂಗಿ ನಿಮ್ಮ ಬಾವೀದೇ ಅಂತ ಊರಿಗೆಲ್ಲ ಹೇಳಿಬಿಟ್ಟೀನಿ. ನಮ್ಮ ಕಡೆಯಿಂದ ಮೂವತ್ತು ಮಂದಿ ಮುತ್ತೈದಿಯರು. ತಲಿ ಮ್ಯಾಲೆ ಹೊಸ ಕೊಡ, ಮುಂದೆ ವಾಲಗ. ನಿಮ್ಮೂರು ಪೂರಾ ಹಿಂದೆ ಬರತೈತಿ. ಹೋಗ್ತೀವಿ, ಹಟ್ಟಿ ಮುಂದೆ ನಿಲ್ತೀವಿ. ನೀರಿದ್ರೆ ತುಂಬಿಸ್ತೀವಿ. ಇಲ್ಲಾಂದ್ರೆ..." ಎಂದು ಅಜ್ಜಿ ಲೋಟವನ್ನು ಬೀಗರ ಮುಂದಿಟ್ಟರು. "ಮೂವತ್ತು ಖಾಲಿ ಕೊಡ ಹೊತ್ಕೊಂಡು ನಿಮ್ಮನಿ ಚಪ್ಪರಕ್ಕೆ ಬರ್ತೀವಿ. ಕಾಫಿ ಆರತೈತಿ, ಕುಡೀರಿ."

ಬೀಗರು ಲೋಟಕ್ಕೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಮದುವೆ ಚಪ್ಪರಕ್ಕೆ ಖಾಲಿ ಕೊಡ! ಒಂದು ಎದುರು ಬಂದರೇ ಜನ ಮನೆಗೆ ಮರಳಿ, ಕೂತು, ನೀರು ಕುಡಿದು ಹೊರಡುತ್ತಾರೆ. ಮೂವತ್ತು, ಅದೂ ವಾಲಗದ ಜೊತೆ! ಇಡೀ ಸರ್ಕಾರಕ್ಕೆ ಹೆದರದ ಮನುಷ್ಯ ಖಾಲಿ ಕೊಡಕ್ಕೆ ಹೆದರಿಬಿಟ್ಟರು. ಕಾಫಿ ಕುಡಿಯದೆ ಎದ್ದು ಹೋದವರು ಮೂರನೆಯ ದಿನ ಹಟ್ಟಿಯಲ್ಲಿ ಗುದ್ದಲಿ ಪೂಜೆ ಮಾಡಿಸಿದರು.

ಮುಹೂರ್ತಕ್ಕೆ ಒಂದೂವರೆ ತಿಂಗಳು. ಮೂರಾಳುದ್ದ ತೋಡಿದರೂ ನೀರಿಲ್ಲ, ಬಂಡೆ. ಅಲ್ಲಿಂದ ಬರುವ ಬಸ್ಸಿನವರೆಲ್ಲ ನಮ್ಮ ಮನೆಗೆ ಸುದ್ದಿ ಮುಟ್ಟಿಸುವವರೇ: "ಇವತ್ತೂ ಬಂಡೆ ಅಂತೆ ಕಣ್ರೀ!" ಅಕ್ಕನಿಗೆ ಅನ್ನ ಸೇರದು. ಒಂದು ದಿನ ಬೇರೆ ಸುದ್ದಿ ಬಂತು: ಮೇಷ್ಟ್ರು ರಜ ಹಾಕಿ, ಅಂಗಿ ಕಳಚಿ, ತಾವೇ ಬಾವಿಗೆ ಇಳಿದು ಹಾರೆ ಹಿಡಿದಿದ್ದಾರಂತೆ. ಅಂದು ಅಕ್ಕ ಮಾಡಿದ ಸಾರಿಗೆ ಮತ್ತೆ ಉಪ್ಪು ಜಾಸ್ತಿಯಾಯಿತು. ಮನೆಯವರೆಲ್ಲ ಎರಡೆರಡು ಸಲ ಹಾಕಿಸಿಕೊಂಡು ಉಂಡೆವು.

ಮದುವೆಗೆ ನಾಲ್ಕು ದಿನ ಇದೆ ಎನ್ನುವಾಗ ನೀರು ಬಂತು.

ಗಂಗೆ ತರುವ ಹೊತ್ತಿಗೆ ಮೂವತ್ತಲ್ಲ, ಐವತ್ತು ಕೊಡ. ಹಟ್ಟಿಯ ಹೆಂಗಸರೂ ಸೇರಿದ್ದರು. ಆ ಕಲ್ಲನ್ನು ಕೆರೆಯಿಂದ ಹೊತ್ತು ತಂದು ಬಾವಿಯ ಪಕ್ಕ ನಿಲ್ಲಿಸಿದ್ದರು. ಬಟ್ಟೆ ಒಗೆದು ಒಗೆದು ಬೀಗರ ಹೆಸರು ಅರ್ಧ ಅಳಿಸಿತ್ತು. ಯಾರೋ ಮತ್ತೆ ಕೆತ್ತಿಸೋಣವೇ ಎಂದರೆ ಬೀಗರು, "ಬೇಡ ಮಾರಾಯಾ, ಅಷ್ಟೇ ಇರಲಿ" ಎಂದರು. ಮೊದಲ ಕೊಡದ ನೀರು ಹಳದಿಗೆಂಪು ರಾಡಿಯಾಗಿತ್ತು. ನಾವು ಮುಖ ಮುಖ ನೋಡಿಕೊಂಡೆವು. ಅಜ್ಜಿ ಅದಕ್ಕೆ ಕೈಮುಗಿದು, "ಗಂಗವ್ವ ಮದುವಿಗೆ ಅರಿಶಿನ ಹಚ್ಕೊಂಡು ಬಂದಾಳೆ" ಎಂದರು. ಆ ಮಾತಿಗೆ ಮೊದಲು ನಕ್ಕವರು ಬೀಗರೇ. "ಈ ಬಾವಿಗೆ ಎರಡು ಸಲ ಖರ್ಚಾಯ್ತಮ್ಮ. ಒಂದು ಸಲ ಸರ್ಕಾರದ್ದು, ಒಂದು ಸಲ ನಂದು!"

ಧಾರೆಯ ಹೊತ್ತು. ಅಕ್ಕನ ಕೈ ಮೇಷ್ಟ್ರ ಕೈಯ ಮೇಲೆ. ಮೇಷ್ಟ್ರ ಅಂಗೈಯಲ್ಲಿ ಹಾರೆಯ ಬೊಬ್ಬೆ ಇನ್ನೂ ಮಾಗಿರಲಿಲ್ಲ. ದೊಡ್ಡಪ್ಪ ನೀರಿನ ಗಿಂಡಿ ಎತ್ತಿಕೊಂಡರು. ಚಪ್ಪರದಲ್ಲಿ ಗುಸುಗುಸು ಎದ್ದಿತು. ಎಲ್ಲರಿಗೂ ಗೊತ್ತಲ್ಲ, ಈ ಮನುಷ್ಯ ಈಗ ಏನು ಮಾಡುತ್ತಾರೆ ಎಂದು! ನಮ್ಮಪ್ಪನಂತೂ ಹಿಂದಿನಿಂದ, "ಅಣ್ಣಾ, ಒಂದು ಗುಟುಕು ರುಚಿ ನೋಡಿಬಿಡು, ಆಮೇಲೆ ಎರಿ!" ಎಂದು ಕೂಗಿಯೇಬಿಟ್ಟರು. ಚಪ್ಪರವೆಲ್ಲ ನಕ್ಕಿತು.

ದೊಡ್ಡಪ್ಪ ಗಿಂಡಿಯನ್ನು ನೋಡಿದರು. ಆ ಬೊಬ್ಬೆಯ ಕೈ ನೋಡಿದರು, ಅದರ ಮೇಲಿದ್ದ ಮಗಳ ಕೈ ನೋಡಿದರು. ಕಕ್ಕಸಿನಲ್ಲಿ ಕೂತು, ಸೋರುವ ಹೆಂಚಿನ ಕೆಳಗೆ ಮಲಗಿ, ಲೋಕದಲ್ಲಿ ಯಾವುದನ್ನೂ ಬಳಸಿ ನೋಡದೆ ಒಪ್ಪದ ಮನುಷ್ಯ.

"ಬ್ಯಾಡ" ಎಂದರು. "ಇದೊಂದನ್ನು ನಂಬ್ತೀನಿ."

ಎರೆದರು. ಗಿಂಡಿ ಖಾಲಿಯಾದ ಮೇಲೂ ಅವರ ಕೈ ಬಾಗಿಯೇ ಇತ್ತು. ದೊಡ್ಡಮ್ಮ ಮೆಲ್ಲಗೆ ಬಿಡಿಸಿ ತೆಗೆದುಕೊಂಡರು.

ಸಾಹೇಬರು ಬೇರೊಬ್ಬರನ್ನು ಕಳಿಸಿ ಬಾವಿಯನ್ನು ಅಳತೆ ಮಾಡಿಸಿದರು. ಕಡೆಗೆ ಕಡತ ದೊಡ್ಡಪ್ಪನ ಷರಾಕ್ಕೆ ಬಂತು. ಅವರು ಬರೆದರು: "ಬಾವಿ ಇದೆ. ನೀರಿದೆ. ರುಚಿ ನೋಡಲಿಲ್ಲ. ಮಗಳನ್ನು ಇದೇ ನೀರಿನಲ್ಲಿ ಧಾರೆ ಎರೆದೆ."

ಕಡತ ಸಾಹೇಬರ ಮೇಜಿಗೆ ಹೋಗಿ, ಎರಡು ದಿನ ಅಲ್ಲಿಯೇ ಇದ್ದು, ಮರಳಿತು. ದೊಡ್ಡಪ್ಪ ಅಭ್ಯಾಸದಂತೆ ಕೆಂಪು ಗೀಟು ಹುಡುಕಿದರು. ಹಾಳೆ ತಿರುಗಿಸಿಯೂ ನೋಡಿದರು. ಎಲ್ಲಿಯೂ ಇರಲಿಲ್ಲ. ಆ ನಾಲ್ಕು ವಾಕ್ಯಗಳ ಕೆಳಗೆ, ನೀಲಿ ಶಾಯಿಯಲ್ಲಿ, ಬರೀ ಒಂದು ಸಹಿ ಇತ್ತು.